ಬುತ್ತಿಯೊಳಗಿನ ಮೊಳೆ ಮತ್ತು ನನ್ನ ಎಕ್ಸ್-ರೇ ಗಾಡಿ

ಮಂದಿಯ ಗಂಟಿನೊಳಗೆ ಏನಿದೆ ಎಂದು ಇಣುಕುವ ಚಟ ಎಲ್ಲರಿಗೂ ಇರುತ್ತದೆ. ಬಸ್ಸಿನಲ್ಲಿ ಪಕ್ಕದವರು ಚೀಲ ಬಿಚ್ಚಿದರೆ ಸಾಕು, ಅಲ್ಲಿಯವರೆಗೆ ಕಿಟಕಿಯ ಹೊರಗೆ ಹೊಲ ನೋಡುತ್ತಿದ್ದವರ ಕುತ್ತಿಗೆ ತಾನಾಗಿಯೇ ಒಳಗೆ ತಿರುಗುತ್ತದೆ. ಮದುವೆ ಮನೆಯಲ್ಲಿ ಉಡುಗೊರೆ ಬಂದ ಆಯೇರಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸದ ಹೆಣ್ಣುಮಕ್ಕಳನ್ನು ನಾನಂತೂ ಕಂಡಿಲ್ಲ. ಗಂಡಸರು ಅಲುಗಾಡಿಸುವುದಿಲ್ಲ, ಅಲುಗಾಡಿಸಿದವರನ್ನು ಆಮೇಲೆ ಮೆಲ್ಲಗೆ ಕೇಳಿ ತಿಳಿದುಕೊಳ್ಳುತ್ತಾರೆ. ನನಗೂ ಉಳಿದವರಿಗೂ ಇರುವ ವ್ಯತ್ಯಾಸ ಇಷ್ಟೇ: ನನಗೆ ಈ ಚಟಕ್ಕೆ ಸಂಬಳ ಕೊಡುತ್ತಾರೆ, ಮೈಮೇಲೆ ಖಾಕಿಯಂಥದೊಂದು ಅಂಗಿ ಕೊಟ್ಟಿದ್ದಾರೆ, ಜೊತೆಗೆ ಒಂದು ಎಕ್ಸ್-ರೇ ಗಾಡಿಯನ್ನೂ ಕೊಟ್ಟಿದ್ದಾರೆ.

ಗಾಡಿಯ ವಿಷಯ ಸ್ವಲ್ಪ ಹೇಳಬೇಕು. ಹೊರಗಿನಿಂದ ಹಾಲಿನ ವ್ಯಾನಿನ ಹಾಗೆ ಬೆಳ್ಳಗಿದೆ. ಪಕ್ಕದ ಬಾಗಿಲು ತೆಗೆದರೆ ರಬ್ಬರಿನ ಬೆಲ್ಟು. ಅದರ ಮೇಲೆ ಪಾರ್ಸೆಲ್ ಇಟ್ಟರೆ ಒಳಗೆ ಹೋಗಿ ಆ ಕಡೆಯಿಂದ ಹೊರಗೆ ಬರುತ್ತದೆ. ಅಷ್ಟರಲ್ಲಿ ಅದರ ಹೊಟ್ಟೆಯಲ್ಲಿ ಇದ್ದದ್ದೆಲ್ಲ ನನ್ನ ಮುಂದಿನ ಪರದೆಯ ಮೇಲೆ ಬಣ್ಣವಾಗಿ ಬೀಳುತ್ತದೆ. ತಿನ್ನುವ ಪದಾರ್ಥ, ಬಟ್ಟೆ, ಕಾಗದ ಇವೆಲ್ಲ ಕಿತ್ತಳೆ ಬಣ್ಣ, ಕಬ್ಬಿಣ ನೀಲಿ. ಬಸ್ಸಿನಲ್ಲಿ ಹೋಗುವ ಪಾರ್ಸೆಲ್ಲುಗಳಲ್ಲಿ ಏನಿರುತ್ತದೋ ಎಂದು ಮೇಲಿನವರಿಗೆ ಎಲ್ಲಿಂದಲೋ ಭಯ ಹುಟ್ಟಿ, ಅವರು ಒಂದು ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟು, ಆ ಕಂಪನಿಯವರು ಗೋಡೌನಿನ ಗೇಟಿನಲ್ಲಿ ತೂಕಡಿಸುತ್ತಿದ್ದ ನನ್ನನ್ನು ಎಬ್ಬಿಸಿ, ತರಬೇತಿ ಕೊಟ್ಟು, ಈ ಗಾಡಿಯಲ್ಲಿ ಕೂಡಿಸಿದರು. ರಾತ್ರಿ ವಿಜಯಪುರದಲ್ಲಿ ನಿಲ್ಲುವ ಗಾಡಿ ಇಂಡಿಗೆ ಒಂದು ದಿನ, ಮುದ್ದೇಬಿಹಾಳಕ್ಕೆ ಒಂದು ದಿನ, ಬಸವನ ಬಾಗೇವಾಡಿಗೆ ಒಂದು ದಿನ, ಸಿಂದಗಿಗೆ ಮಾತ್ರ ವಾರದಲ್ಲಿ ಎರಡು ದಿನ. ಅಂದರೆ ಕೇಡು ಮಾಡುವವರು ನಮ್ಮ ಪಾಳಿ ಕೇಳಿಕೊಂಡೇ ಬರಬೇಕು. ನಾವು ಇಂಡಿಯಲ್ಲಿದ್ದ ದಿನ ಅವರು ಮುದ್ದೇಬಿಹಾಳಕ್ಕೆ ಬಂದರೆ ಅದು ಅವರ ಕಡೆಯಿಂದ ಮೋಸ.

ಮೊದಲ ದಿನಗಳಲ್ಲಿ ಜನ ಇದನ್ನು ಸರ್ಕಾರದ ದವಾಖಾನೆ ಎಂದೇ ತಿಳಿದಿದ್ದರು. ಮುದ್ದೇಬಿಹಾಳದಲ್ಲಿ ನಾಲತವಾಡದ ಅಜ್ಜನೊಬ್ಬ ಧೋತರ ಮೇಲೆತ್ತಿ ಮೊಣಕಾಲನ್ನು ಬೆಲ್ಟಿನ ಮೇಲೆ ಇಟ್ಟೇಬಿಟ್ಟ. ಇದು ಪಾರ್ಸೆಲ್ ನೋಡುವ ಗಾಡಿ ಎಂದರೆ, "ಹಂಗಾರ ನನ್ನ ಪಾರ್ಸೆಲ್ ಅಂತ ತಿಳ್ಕೊಂಡ ನೋಡ್ರಿ, ನಾಳೆ ನಾಡದು ಹೋಗಾವನ ಅದೇನಿ" ಎಂದ. ಇಂಡಿಯಲ್ಲಿ ನಿಂಬೆಹಣ್ಣಿನ ಚೀಲಗಳು ಪರದೆಯ ಮೇಲೆ ದುಂಡುದುಂಡಾಗಿ ಬಂದಾಗ ನಾನು ಹೆದರಿ, ಬೆಲ್ಟು ನಿಲ್ಲಿಸಿ, ಸುತ್ತಲಿನವರನ್ನು ದೂರ ಸರಿಸಿ, ದೊಡ್ಡ ರಾದ್ಧಾಂತ ಮಾಡಿದೆ. ಚೀಲದ ಮಾಲೀಕ ಒಂದು ಹಣ್ಣು ತೆಗೆದು ನನ್ನ ಕೈಗಿಟ್ಟು, "ಶರಬತ್ ಮಾಡ್ಕೊಂಡ ಕುಡೀರಿ, ತಲಿ ತಂಪಾಗತೈತಿ" ಎಂದು ಹೋದ. ಮನೆಯಲ್ಲಿ ನನ್ನಾಕೆ ಈ ಕೆಲಸಕ್ಕೆ ಮೂರು ಕಾಸಿನ ಬೆಲೆ ಕೊಡುವುದಿಲ್ಲ. "ಮನ್ಯಾಗ ಉಪ್ಪ ತೀರಿದ್ದು ಕಾಣೂದಿಲ್ಲ, ನನ್ನ ಜ್ವರ ಕಾಣೂದಿಲ್ಲ, ಊರ ಮಂದಿ ಡಬ್ಬಿ ಒಳಗಿಂದು ಮಾತ್ರ ಕಾಣತೈತಿ ಇವರಿಗೆ" ಎನ್ನುತ್ತಾಳೆ. ನಾನು ಮಧ್ಯೆ ಬಾಯಿ ಹಾಕಿ ಏನೋ ಹೇಳುತ್ತೇನೆ, ಅದಕ್ಕೆ ಇನ್ನೊಂದಿಷ್ಟು ಬೈಸಿಕೊಳ್ಳುತ್ತೇನೆ.

ನಮ್ಮ ಕಡೆ ಬಸ್ಸಿನಲ್ಲಿ ಹೋಗುವ ಪಾರ್ಸೆಲ್ಲುಗಳಲ್ಲಿ ಬಹುಪಾಲು ಬುತ್ತಿ. ಹಳ್ಳಿಯ ಮಕ್ಕಳು ಓದಲಿಕ್ಕೆಂದು ವಿಜಯಪುರದಲ್ಲಿ ರೂಮು ಮಾಡಿಕೊಂಡಿರುತ್ತಾರೆ. ಬೆಳಗಾಗೆದ್ದು ತಾಯಂದಿರು ರೊಟ್ಟಿ ಬಡಿದು, ಪಲ್ಯ, ಚಟ್ನಿ-ಹಿಂಡಿ ಕಟ್ಟಿ, ಹೆಸರು ಬರೆದು ಬಸ್ಸಿಗೆ ಕೊಡುತ್ತಾರೆ; ಅಲ್ಲಿ ಮಕ್ಕಳು ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಾರೆ. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ವಾಪಸು. ಇದು ನಡೆದುಕೊಂಡು ಬಂದ ಪದ್ಧತಿ, ಯಾರೂ ಯಾರ ಬುತ್ತಿಯನ್ನೂ ಮುಟ್ಟುವುದಿಲ್ಲ. ಮುಟ್ಟುವವನು ಬಂದದ್ದೆಂದರೆ ನಾನೇ. ಕಿತ್ತಳೆ ಬಣ್ಣದ ರೊಟ್ಟಿಯ ಪದರು ನೋಡಿ ನೋಡಿ ಯಾರ ಮನೆಯಲ್ಲಿ ಜೋಳ, ಯಾರ ಮನೆಯಲ್ಲಿ ಸಜ್ಜೆ ಎಂದು ಹೇಳಬಲ್ಲೆ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ. ನಮ್ಮ ಡ್ರೈವರ್ ಯಮನಪ್ಪ ಮಾತ್ರ ನಂಬುತ್ತಿರಲಿಲ್ಲ. "ವಾಸನಿ ಬಂದದ್ದಕ್ಕ ಗೊತ್ತಾತ ಬಿಡ್ರಿ, ಪರದೆ ಯಾಕ ಬೇಕು" ಎನ್ನುತ್ತಿದ್ದ.

ಸಿಂದಗಿಯಲ್ಲಿ ಕನ್ನೊಳ್ಳಿಯ ಕಾಶಿಬಾಯಿ ಎಂಬಾಕೆಯ ಬುತ್ತಿಯಲ್ಲಿ ಮಾತ್ರ ಪ್ರತಿ ಸಲ ಕಿತ್ತಳೆ ಬಣ್ಣದ ನಡುವೆ ಒಂದು ನೀಲಿ ಗೆರೆ ಕಾಣುತ್ತಿತ್ತು. ಮೊದಲ ದಿನ ಬಿಚ್ಚಿಸಿ ನೋಡಿದರೆ ಎತ್ತಿನ ಲಾಳಕ್ಕೆ ಬಡಿಯುವ ಮೊಳೆ. ರೊಟ್ಟಿಯ ಮೇಲೆ, ಅರಿವೆಯ ಕೆಳಗೆ, ದೇವರ ಮುಂದೆ ಇಟ್ಟಷ್ಟು ಜೋಪಾನವಾಗಿ ಇಟ್ಟಿದ್ದಳು. "ಇದೇನವಾ?" ಎಂದೆ. "ಕರದದ್ದು ಐತ್ರಿ ಸಾಹೇಬ್ರ, ಹಾದ್ಯಾಗ ಏನರ ಸೋಕಬಾರದು. ಕಬ್ಬಿಣ ಇದ್ರ ಹತ್ರ ಬರೂದಿಲ್ಲ" ಎಂದಳು. ಕರಿದ ತಿನಿಸು ಊರು ದಾಟುವಾಗ ಜೊತೆಗೆ ಕಬ್ಬಿಣವೋ ಇದ್ದಿಲೋ ಇಡುವುದು ನನಗೇನು ಗೊತ್ತಿಲ್ಲದ ಸಂಗತಿಯಲ್ಲ, ನಮ್ಮವ್ವನೂ ಇಡುತ್ತಿದ್ದಳು. ಆದರೆ ಖಾಕಿ ಅಂಗಿ ಹಾಕಿಕೊಂಡ ಮೇಲೆ ಗೊತ್ತಿದ್ದದ್ದನ್ನೂ ಗೊತ್ತಿಲ್ಲದವನ ಹಾಗೆ ಕೇಳಬೇಕಾಗುತ್ತದೆ. ಊಟದ ಗಂಟಿನಲ್ಲಿ ಲೋಹ ಕಂಡರೆ ಬಿಚ್ಚಿ ನೋಡತಕ್ಕದ್ದು ಎಂಬುದು ನಿಯಮ. ನಾನು ಬಿಚ್ಚಿದೆ, ಮುಟ್ಟಿದೆ. ಅವಳು ನನ್ನ ಕೈಯನ್ನೇ ನೋಡುತ್ತ, "ಕೈ ತೊಳಕೊಂಡೀರೇನ್ರಿ?" ಎಂದಳು. ಸುತ್ತ ನಿಂತವರೆಲ್ಲ ನಕ್ಕರು.

ಅಲ್ಲಿಂದ ನಮ್ಮಿಬ್ಬರಿಗೂ ಜಿದ್ದು ಹತ್ತಿತು. ಮೊಳೆ ಇಡಬೇಡ ಎಂದು ನಾನು, ಇಟ್ಟೇ ಇಡುತ್ತೇನೆ ಎಂದು ಅವಳು. ಮಗಳು ಸುಜಾತಾ ವಿಜಯಪುರದಲ್ಲಿ ನರ್ಸಿಂಗ್ ಕೊನೆಯ ವರ್ಷ; ಅವಳು ಉಂಡು, ಖಾಲಿ ಡಬ್ಬಿಯಲ್ಲಿ ಅದೇ ಮೊಳೆ ಇಟ್ಟು ವಾಪಸು ಕಳಿಸುತ್ತಿದ್ದಳಂತೆ. ಹೀಗೆ ಆ ಮೊಳೆ ಸಿಂದಗಿಯಿಂದ ವಿಜಯಪುರಕ್ಕೆ ಟಿಕೆಟ್ ಇಲ್ಲದೆ ಓಡಾಡುತ್ತಿತ್ತು. ನಾನು ಗಾಡಿಯ ಮೇಲೆ "ಬುತ್ತಿಯಲ್ಲಿ ಕಬ್ಬಿಣ ಇಡಬಾರದು" ಎಂದು ದಪ್ಪ ಅಕ್ಷರದಲ್ಲಿ ಬರೆಸಿ, ಕೆಳಗೆ ನನ್ನ ಫೋನ್ ನಂಬರನ್ನೂ ಹಾಕಿಸಿದೆ. ಕಾಶಿಬಾಯಿ ಅದನ್ನು ಪೂರ್ತಿ ಓದಿ, "ಎಲ್ಲಾ ಕಾಣತೈತಿ ಅಂತೀರಲ್ಲ ನಿಮ್ಮ ಗಾಡ್ಯಾಗ, ದೃಷ್ಟಿ ಕಾಣತೈತೇನ್ರಿ?" ಎಂದಳು. ಒಮ್ಮೆಯಂತೂ ನಾನು ಮೊಳೆ ತೆಗೆದು, ಗಂಟನ್ನು ಮತ್ತೆ ಬೆಲ್ಟಿಗೆ ಹಾಕಿ, ಎಲ್ಲ ಸರಿಯಿದೆ ಎನ್ನುವಷ್ಟರಲ್ಲಿ ಬಸ್ಸು ಹೊರಟುಹೋಯಿತು. ಆವತ್ತು ಮಗಳಿಗೆ ಊಟವಿಲ್ಲ. ಕಾಶಿಬಾಯಿ ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ನನಗೆ ಬೈದಳು. ನನ್ನ ಹುಟ್ಟು, ನನ್ನ ಅಂಗಿ, ನನ್ನ ಗಾಡಿ ಯಾವುದನ್ನೂ ಬಿಡಲಿಲ್ಲ. ಕಂಡಕ್ಟರುಗಳೆಲ್ಲ ಕೆಲಸ ಬಿಟ್ಟು ನಿಂತು ಕೇಳಿದರು.

ಆಮೇಲೆ ಒಂದು ದಿನ ಅವಳ ಬುತ್ತಿ ಬಂತು, ಅವಳು ಬರಲಿಲ್ಲ. ತಂದವನು ಅವಳ ಗಂಡ ಚಂದಪ್ಪ. ಮೆತ್ತಗಿನ ಮನುಷ್ಯ, ಮಾತು ಕಡಿಮೆ. ಬೆಲ್ಟಿನ ಮೇಲೆ ಗಂಟು ಹೋಯಿತು. ಪರದೆ ನೋಡಿದೆ, ಕಿತ್ತಳೆ, ಬರೀ ಕಿತ್ತಳೆ. ನೀಲಿಯ ಸುಳಿವೇ ಇಲ್ಲ! ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಯಮನಪ್ಪನನ್ನು ಕರೆದು ತೋರಿಸಿದೆ. ಚಂದಪ್ಪನ ಹೆಗಲ ಮೇಲೆ ಕೈ ಇಟ್ಟು, "ಅಂತೂ ನಿಮ್ಮ ಮನಿಯವರಿಗೆ ಬುದ್ಧಿ ಬಂತಲ್ರಿ. ಸಾಹೇಬ್ರು ಭಾಳ ಖುಷಿ ಆದ್ರು ಅಂತ ಹೇಳ್ರಿ ಅವರಿಗೆ" ಎಂದೆ. ಅವನು ನನ್ನ ಮುಖ ನೋಡಿದ, ಆಮೇಲೆ ನೆಲ ನೋಡಿದ. "ಹೇಳ್ತೇನ್ರಿ" ಎಂದ. ಮನೆಗೆ ಬಂದು ಹೆಂಡತಿಗೆ ಇದನ್ನು ನಾಲ್ಕು ಸಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಷ್ಟು ಹಟದಾಕಿ ಒಮ್ಮಿಗಿಲೆ ಹೆಂಗ ಬಿಟ್ಟಳು?" ಎಂದಳು. ನನ್ನ ಅಧಿಕಾರಕ್ಕೆ ಹೆದರಿ ಬಿಟ್ಟಳು ಎಂದೆ. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು.

ಮುಂದಿನ ಪಾಳಿಯಲ್ಲೂ ಚಂದಪ್ಪನೇ ಬಂದ, ಮೊಳೆ ಇರಲಿಲ್ಲ. ಆವತ್ತು ನನ್ನ ಕಣ್ಣಿಗೆ ಇನ್ನೊಂದು ಬಿತ್ತು. ಬುತ್ತಿಯನ್ನು ಬಸ್ಸಿನ ಡ್ರೈವರನ ಹತ್ತಿರ ಕೊಟ್ಟು ಕೆಳಗಿಳಿದ ಚಂದಪ್ಪ, ಅದೇ ಬಸ್ಸಿನ ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ಕುಳಿತ. ತಾನೇ ಹೋಗುವ ಬಸ್ಸಿನಲ್ಲಿ ಬುತ್ತಿಯನ್ನು ಬೇರೆಯವರ ಕೈಗೆ ಯಾರಾದರೂ ಕೊಡುತ್ತಾರೆಯೇ? ನನ್ನ ತರಬೇತಿಯೆಲ್ಲ ಒಮ್ಮೆಲೇ ಎದ್ದು ಕುಳಿತಿತು. ಇಷ್ಟು ದಿನ ಯಾವ ಕೇಡಿಗನಿಗಾಗಿ ಕಾದಿದ್ದೆನೋ ಅವನೇ ಸಿಕ್ಕ ಎಂದುಕೊಂಡೆ. ಬಸ್ಸು ನಿಲ್ಲಿಸಿ, ಅವನನ್ನು ಇಳಿಸಿ, ಗಾಡಿಯ ಹಿಂದೆ ಕರೆದುಕೊಂಡು ಹೋಗಿ, ಎದೆ ಸೆಟೆಸಿ ಕೇಳಿದೆ: "ಬುತ್ತಿ ಮುಂದ ಕೊಟ್ಟು ನೀವು ಹಿಂದ ಕೂಡತೀರಿ. ಕೈಯಾಗ ಒಯ್ಯಾಕ ಏನ ಧಾಡಿ? ಖರೇ ಹೇಳ್ರಿ."

ಚಂದಪ್ಪ ಗಾಡಿಗೆ ಕೈ ಊರಿ ನಿಂತ. "ಕೈಯಾಗ ಒಯ್ದರ ಮಗಳು ಸ್ಟ್ಯಾಂಡಿನ್ಯಾಗ ನನ್ನ ನೋಡತಾಳ್ರಿ. ಯಾಕ ಬಂದಿ ಅಂತ ಕೇಳತಾಳ. ಅದಕ್ಕ ಬುತ್ತಿ ಮುಂದ ಹೋಗತೈತಿ, ನಾ ಊರು ಬರೂಕ್ಕಿಂತ ಮೊದಲ ಬೈಪಾಸಿನ್ಯಾಗ ಇಳೀತೇನಿ" ಎಂದ. ಇಳಿದು ಎಲ್ಲಿಗೆ ಹೋಗುತ್ತೀರಿ ಎಂದೆ. ದವಾಖಾನೆಗೆ ಎಂದ. ತೊಗರಿ ಹೊಲದಲ್ಲಿ ಕಾಶಿಬಾಯಿಗೆ ಹಾವು ಕಚ್ಚಿತ್ತು. ಜೀವ ಉಳಿಯಿತು ಎಂದು ಎಲ್ಲರೂ ಅಂದುಕೊಳ್ಳುವಷ್ಟರಲ್ಲಿ ಕಿಡ್ನಿ ಕೈಕೊಟ್ಟಿತ್ತು. ವಿಜಯಪುರದ ದವಾಖಾನೆಯಲ್ಲಿ, ಮಗಳ ರೂಮಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಮಲಗಿದ್ದಾಳೆ. ಮಗಳಿಗೆ ಗೊತ್ತಿಲ್ಲ. ಗೊತ್ತಾಗಬಾರದು ಎಂದು ಕಾಶಿಬಾಯಿಯೇ ಎಲ್ಲರಿಂದ ಆಣೆ ಮಾಡಿಸಿಕೊಂಡಿದ್ದಾಳೆ. "ಪರೀಕ್ಷಾ ನಡದಾವ್ರಿ. ನರ್ಸ್ ಆಗಾಕಿ ಅಕಿ, ಗೊತ್ತಾದ್ರ ಪೇಪರ್ ಬಿಟ್ಟು ಅವರವ್ವನ ಕಾಟಿನ ಮಗ್ಗಲಾಗ ಕುಂಡರತಾಳ. ಮುಗೀಲಿ ಅಂತಾಳ ಇಕಿ." ಮನೆಯಲ್ಲಿ ಅವನ ತಂಗಿ ಬಂದು ರೊಟ್ಟಿ ಮಾಡಿ ಕೊಡುತ್ತಾಳೆ. ಅವಳಿಗೆ ಮೊಳೆಯ ಸಂಗತಿ ಗೊತ್ತಿಲ್ಲ. ಅವ್ವನ ಫೋನು ಕಾಲುವೆಯಲ್ಲಿ ಬಿತ್ತು, ಗಂಟಲು ಕಟ್ಟಿದೆ, ಮಾತು ಬರುವುದಿಲ್ಲ ಎಂದು ಮಗಳಿಗೆ ಹೇಳಿದ್ದಾರೆ.

ನನ್ನ ಎದೆ ಸೆಟೆದದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ. ಡಾಕ್ಟರು ಏನೆನ್ನುತ್ತಾರೆ ಎಂದು ಕೇಳಿದೆ. "ನೋಡೂಣು ಅಂತಾರ್ರಿ" ಎಂದ. ಡಾಕ್ಟರು ನೋಡೋಣ ಎಂದರೆ ಏನೆಂದು ನನ್ನ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಬೇರೆಯೇ. "ನಾ ಖುಷಿ ಆದೆ ಅಂತ ಹೇಳಿದ್ರೇನು ಅವರಿಗೆ?" ಎಂದುಬಿಟ್ಟೆ. ಚಂದಪ್ಪ ಮೊದಲ ಸಲ ನಕ್ಕ. "ಹೇಳೀನ್ರಿ. ನಕ್ಕಳ್ರಿ. ನಾ ಮಲಗಿದ್ದಕ್ಕ ಅಂವಾ ಗೆದ್ದಾನ, ಎದ್ದ ಮ್ಯಾಲ ನೋಡ್ತೇನಿ ಅಂದಳು" ಎಂದ. ಆಮೇಲೆ ಕೈ ಮುಗಿದು ಒಂದು ಮಾತು ಕೇಳಿಕೊಂಡ. ಮೊಳೆ ಯಾಕಿಲ್ಲ ಎಂದು ಮಗಳು ಕೇಳುತ್ತಿದ್ದಾಳೆ, ಗಾಡಿಯವರು ತೆಗೆಸಿದರು ಎಂದು ಹೇಳಿದ್ದೇವೆ, ಅವಳು ನಿಮಗೆ ಫೋನ್ ಮಾಡಿದರೂ ಮಾಡಿಯಾಳು, ಹೌದು ನಾನೇ ತೆಗೆದೆ ಎಂದುಬಿಡಿ ಎಂದ. ನಾನು ಹ್ಞೂಂ ಎಂದೆ. ಬಸ್ಸಿನವರು ಹಾರ್ನು ಹೊಡೆಯುತ್ತಿದ್ದರು, ಅವನು ಓಡಿಹೋಗಿ ಹಿಂದಿನ ಬಾಗಿಲಿನಿಂದಲೇ ಹತ್ತಿದ.

ಮರುದಿನ ನಾವು ಬಸವನ ಬಾಗೇವಾಡಿಯಲ್ಲಿದ್ದೆವು. ಮಧ್ಯಾಹ್ನ ಫೋನು ಬಂತು. "ಸರ್, ನಾನು ಕನ್ನೊಳ್ಳಿ ಕಾಶಿಬಾಯಿ ಮಗಳು ಮಾತಾಡಾಕತ್ತೇನಿ. ನಮ್ಮ ಬುತ್ತ್ಯಾಗಿನ ಮೊಳಿ ನೀವ ತಗದೀರೇನ್ರಿ?" ಹೌದವಾ, ನಾನೇ ತೆಗೆದೆ, ನಿಯಮ ಹಾಗಿದೆ ಎಂದೆ. ಆ ಕಡೆ ಹುಡುಗಿ ದೊಡ್ಡದೊಂದು ಉಸಿರು ಬಿಟ್ಟದ್ದು ಕೇಳಿಸಿತು. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ಆ ಸಂತೋಷದಲ್ಲಿ ನನ್ನನ್ನು ಜೋರು ಮಾಡತೊಡಗಿದಳು. "ಅದು ನಮ್ಮ ಆಯಿ ಕಾಲದ್ದು ಐತ್ರಿ, ಒಗದೀರಿ ಗಿಗದೀರಿ ಮತ್ತ! ನನ್ನ ಇವತ್ತಿನ ಪೇಪರ್ ಮುಗದೈತಿ, ಸಂಜಿಕ ನಿಮ್ಮ ಗಾಡಿ ನಿಲ್ಲೂ ಜಾಗಾಕ್ಕ ಬಂದು ಇಸ್ಕೊಂಡ ಹೋಗತೇನಿ" ಎಂದು ಇಟ್ಟುಬಿಟ್ಟಳು. ಸುಳ್ಳು ಹೇಳುವುದು ಸುಲಭ ಎಂದು ಯಾರು ಹೇಳಿದರೋ! ಮಾತಿನಲ್ಲಿ ಹೇಳುವುದು ಸುಲಭ. ಈಗ ಅದಕ್ಕೊಂದು ಮೊಳೆ ಬೇಕಾಗಿತ್ತು.

ನಾನೂ ಯಮನಪ್ಪನೂ ಊರೆಲ್ಲ ಅಲೆದು, ಕೊನೆಗೆ ಬೇವಿನ ಗಿಡದ ಕೆಳಗೆ ಎತ್ತಿಗೆ ಲಾಳ ಕಟ್ಟುವವನೊಬ್ಬನನ್ನು ಹಿಡಿದೆವು. ಒಂದು ಎತ್ತನ್ನು ಕೆಡವಿ ಕಾಲು ಕಟ್ಟಿದ್ದ. ಮೊಳೆ ಬೇಕು ಎಂದರೆ ಹೊಸದು ಮುಂದೆ ಹಿಡಿದ. ಹೊಸದು ಬೇಡ, ಹಳೆಯದು ಬೇಕು ಎಂದೆ. ಅವನು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಎತ್ತಿಗ್ಯೋ, ನಿಮಗ್ಯೋ?" ಎಂದ. ಯಮನಪ್ಪ, "ಇವರಿಗ, ಆದ್ರ ಎತ್ತಿಗೆ ಹತ್ತೂ ಅಂಥಾದ್ದ ಬೇಕು" ಎಂದ. ಧೂಳಿನಲ್ಲಿ ಕೆದಕಿ ಹಳೆಯ ಮೊಳೆಯೊಂದನ್ನು ಆರಿಸಿದೆ. ಪ್ರತಿ ಸಲ ಬಿಚ್ಚಿ, ಕೈಯಲ್ಲಿ ಹಿಡಿದು, ಜಗಳ ಕಾಯ್ದು ವಾಪಸು ಇಟ್ಟ ಮೊಳೆ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ನನಗೆ ಪರದೆಯ ಮೇಲಿನ ನೀಲಿ ಗೆರೆ ಬಿಟ್ಟು ಮತ್ತೇನೂ ಹೊಳೆಯಲಿಲ್ಲ. ದಾರಿಯುದ್ದಕ್ಕೂ ಅದನ್ನು ಅಂಗಿಗೆ ಉಜ್ಜಿಕೊಂಡು ಕುಳಿತೆ.

ಸಂಜೆ ವಿಜಯಪುರದಲ್ಲಿ ಗಾಡಿ ನಿಲ್ಲುವ ಜಾಗಕ್ಕೆ ಸುಜಾತಾ ಬಂದಳು. ಸಣ್ಣಗೆ, ತಾಯಿಯ ಹಾಗೆಯೇ ನೇರ ಕಣ್ಣಿನ ಹುಡುಗಿ. ಕೈಯಲ್ಲಿ ಇನ್ನೂ ಪರೀಕ್ಷೆಯ ಪ್ಯಾಡು ಇತ್ತು. ನಾನು ದೊಡ್ಡ ಸಾಹೇಬನ ಗತ್ತಿನಲ್ಲಿ ಮೊಳೆ ಕೊಟ್ಟೆ. ಅವಳು ಅದನ್ನು ಅಂಗೈ ಮೇಲೆ ಹೊರಳಿಸಿ ನೋಡಿದಳು. "ಇದಲ್ರಿ" ಎಂದಳು. ಅದೇ ಅದು ಎಂದೆ. "ನಮ್ಮದು ಎಣ್ಣಿ ಹತ್ತಿ ಹತ್ತಿ ಕರ್ರಗ ನುಣ್ಣಗ ಆಗೈತ್ರಿ. ಇದಕ್ಕ ತುಕ್ಕ ಹಿಡದೈತಿ, ಸಗಣಿ ಹತ್ತೈತಿ." ಯಮನಪ್ಪ ತಟ್ಟನೆ ಬಾನೆಟ್ ಎತ್ತಿ ಏನೂ ಕೆಡದ ಇಂಜಿನನ್ನು ರಿಪೇರಿ ಮಾಡತೊಡಗಿದ. ಹುಡುಗಿ ಮೊಳೆಯನ್ನು ನನ್ನ ಕೈಗೆ ವಾಪಸು ಇಟ್ಟಳು. ಆಮೇಲೆ ದನಿ ಏರಿಸದೆ ಕೇಳಿದಳು: "ಕಾಕಾ, ನಮ್ಮವ್ವ ಎಲ್ಲಿದಾಳ್ರಿ?"

ನಾನು ಚಂದಪ್ಪನಿಗೆ ಮಾತು ಕೊಟ್ಟವನು. ಇನ್ನೆರಡು ಪೇಪರು ಉಳಿದಿದ್ದವು. ಅವಳ ತಾಯಿ ಸಾಯುವ ಮಾತನ್ನು ಪಕ್ಕಕ್ಕಿಟ್ಟು ಪರೀಕ್ಷೆಯ ಮಾತು ಹಿಡಿದುಕೊಂಡು ಮಲಗಿದ್ದಳು. ಊರಲ್ಲಿದ್ದಾಳೆ, ಗಂಟಲು ಕಟ್ಟಿದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ನೋಡೋಣ ಎಂದ ಡಾಕ್ಟರು ಎಷ್ಟು ದಿನ ನೋಡಿಯಾರು? ಪೇಪರು ಮುಗಿಸಿ ಹೊರಗೆ ಬಂದ ಹುಡುಗಿಗೆ ಯಾರು ಯಾವ ಬಾಯಿಂದ ಏನು ಹೇಳಿಯಾರು? ದವಾಖಾನೆಯ ಹೆಸರು ಹೇಳಿಬಿಟ್ಟೆ. ಅವಳ ಕೈಯಿಂದ ಪ್ಯಾಡು ಬಿತ್ತು. ರಿಕ್ಷಾ ಒಂದೂ ಕಾಣಲಿಲ್ಲ. ಸಿಬ್ಬಂದಿಯನ್ನು ಬಿಟ್ಟು ಬೇರೆ ಯಾರೂ ಈ ಗಾಡಿಯಲ್ಲಿ ಕೂಡಬಾರದು ಎಂದು ಬಾಗಿಲ ಮೇಲೆಯೇ ಬರೆದಿದೆ. ಆ ಬಾಗಿಲನ್ನೇ ತೆಗೆದು ಅವಳನ್ನು ನಡುವೆ ಕೂಡಿಸಿಕೊಂಡೆವು. ದವಾಖಾನೆಯ ಗೇಟಿನಲ್ಲಿ ವಾಚಮನ್ ನಮ್ಮ ಗಾಡಿಯ ಮೇಲಿನ ಎಕ್ಸ್-ರೇ ಎಂಬ ಅಕ್ಷರ ಓದಿ ಕೋಲು ಅಡ್ಡ ಹಿಡಿದು, "ಎಕ್ಸ್-ರೇ ನಮ್ಮಲ್ಲೇ ಐತ್ರಿ, ಹೊರಗಿಂದು ಬ್ಯಾಡ" ಎಂದ. ಅವನ ಜೊತೆ ವಾದಿಸುತ್ತ ನಾನು ನಿಂತೆ, ಹುಡುಗಿ ಕೋಲಿನ ಕೆಳಗಿನಿಂದ ನುಗ್ಗಿ ಓಡಿದಳು.

ಆಮೇಲಿನದು ನಾನು ಕಂಡದ್ದಲ್ಲ, ಯಮನಪ್ಪ ಅಲ್ಲಿ ಇಲ್ಲಿ ಕೇಳಿ ತಂದದ್ದು. ಹುಡುಗಿ ತಾಯಿಯ ಮಗ್ಗುಲು ಬಿಟ್ಟು ಏಳಲಿಲ್ಲ. ಉಳಿದ ಪೇಪರುಗಳು ಹೋದವು. ತಾಯಿಗೆ ತಾನೇ ಮೈ ಒರೆಸಿದಳು, ತಲೆ ಬಾಚಿದಳು, ನೀರು ಕುಡಿಸಿದಳು. ನಡುನಡುವೆ ಎಚ್ಚರಾದಾಗ ಇಬ್ಬರೂ ಮಾತಾಡಿದರಂತೆ, ಏನು ಮಾತಾಡಿದರೆಂದು ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಯ ಕೊನೆಯ ದಿನ ಬರುವ ಮೊದಲೇ ಕಾಶಿಬಾಯಿ ತೀರಿಕೊಂಡಳು. ನಾವು ಆವತ್ತು ಇಂಡಿಯಲ್ಲಿದ್ದೆವು. ಅಗರಖೇಡದವನೊಬ್ಬ ಮೋಟಾರಿನ ಸಾಮಾನು ತಂದಿದ್ದ, ಪರದೆ ತುಂಬ ನೀಲಿ. ನಾನು ಏನನ್ನೂ ಬಿಚ್ಚಿಸದೆ ಕಳಿಸಿದೆ.

ಕನ್ನೊಳ್ಳಿಯಲ್ಲಿ ನನ್ನ ಹೆಸರು ಕೆಟ್ಟುಹೋಯಿತು. ತಾಯಿ ಹೋದದ್ದು ಹೋಯಿತು, ಮಗಳ ವರ್ಷವನ್ನೂ ಆ ಗಾಡಿಯವನು ತಿಂದ ಎಂದು ಬಸ್ಸಿನಲ್ಲಿ ಬಂದವರು ನನಗೆ ಕೇಳುವ ಹಾಗೆ ಆಡಿಕೊಂಡರು. ಚಂದಪ್ಪ ಒಮ್ಮೆ ಸಿಂದಗಿ ಸ್ಟ್ಯಾಂಡಿನಲ್ಲಿ ಎದುರಾದ. ನಾನು ಏನಾದರೂ ಹೇಳೋಣ ಎಂದು ನಿಂತೆ, ಅವನು ನನ್ನನ್ನು ನೋಡಿ ಟವೆಲ್ಲನ್ನು ಮುಖಕ್ಕೆ ಎಳೆದುಕೊಂಡು ಹೋದ. ಕಂಪನಿಯವರು ಗಾಡಿ ದವಾಖಾನೆಗೆ ಯಾಕೆ ಹೋಯಿತು, ಪಾರ್ಸೆಲ್ಲಿನೊಳಗೆ ಕಂಡದ್ದನ್ನು ಹೊರಗಿನವರಿಗೆ ಯಾಕೆ ಹೇಳಿದೆ ಎಂದು ಕರೆಸಿ ಕೇಳಿದರು. ಕಂಡದ್ದನ್ನು ಹೇಳಿಲ್ಲ ಸರ್, ಆ ಪಾರ್ಸೆಲ್ಲಿನಲ್ಲಿ ಏನೂ ಇರಲಿಲ್ಲ ಎಂದೆ. ಹೆಚ್ಚಿನ ಮಾತು ಆಡುತ್ತೀ ಎಂದು ಇನ್ನಷ್ಟು ಜೋರು ಮಾಡಿದರು. ಹೇಳಬಾರದಿತ್ತೋ ಏನೋ ಎಂದು ಹೆಂಡತಿಯ ಮುಂದೆ ಅಂದರೆ, ಅವಳು ತಾಟಿಗೆ ಪಲ್ಯ ಹಾಕುತ್ತ, "ನನಗ ಹಂಗ ಆಗಿದ್ರ ನಮ್ಮ ಮಗಳಿಗೆ ಹೇಳತಿದ್ರೋ ಇಲ್ಲೋ?" ಎಂದಳು. ತಾಟನ್ನು ನನ್ನ ಮುಂದೆ ಸರಿಸಿ, "ಉಣ್ಣರಿ ಸುಮ್ಮ, ಆರತೈತಿ" ಎಂದಳು.

ಕಾಶಿಬಾಯಿಯ ದಿನಕರ್ಮಗಳೆಲ್ಲ ಮುಗಿದ ಮೇಲೆ, ಸಿಂದಗಿಯಲ್ಲಿ ಬುತ್ತಿಗಳ ಗದ್ದಲದ ನಡುವೆ ಫೋನು ಬಂತು. "ಕಾಕಾ, ನಾನ್ರಿ, ಸುಜಾತಾ." ನಾನು ಬೆಲ್ಟು ನಿಲ್ಲಿಸಿದೆ. ಹೇಗಿದ್ದೀ ಎಂದು ಕೇಳುವಷ್ಟು ಧೈರ್ಯ ಬರಲಿಲ್ಲ, "ಹೇಳವಾ" ಎಂದಷ್ಟೇ ಅಂದೆ.

"ಅವ್ವಗ ಎಚ್ಚರಾದಾಗ, ನಿನಗ ಯಾರ ಹೇಳಿದ್ರು ಅಂತ ಕೇಳಿದಳ್ರಿ. ಗಾಡಿ ಸಾಹೇಬ್ರು ಅಂದೆ. ಭಾಳ ಸಿಟ್ಟಿಗೆದ್ದಳ್ರಿ. ನನ್ನ ಮಗಳ ಪರೀಕ್ಷಾ ಕೆಡಿಸಿದಾ, ನಾ ಎದ್ದು ಹೋಗಿ ಸ್ಟ್ಯಾಂಡಿನ್ಯಾಗ ನಿಂತು ಅಂವಗ ಬೈದ ಬರ್ತೇನಿ ಅಂದಳು. ನನ್ನ ಕೈ ಹಿಡಕೊಂಡ ಹಂಗ ಅಂದಳ್ರಿ, ಬಿಡಲಿಲ್ಲ ಕೈ." ಮತ್ತೆ ಹೇಳಿದಳು: "ನಾ ಏಳಲಿಲ್ಲಂದ್ರ ನೀನರ ಬೈ, ಬಿಡಬ್ಯಾಡ ಅಂದಳ್ರಿ. ಅದಕ್ಕ ಫೋನ್ ಮಾಡೀನಿ."

"ಬೈ ಅವ್ವಾ" ಎಂದೆ.

"ಬರವಲ್ದು ಕಾಕಾ."

"ಹೆಂಗ ಬರತೈತಿ ಹಂಗ ಬೈ. ನಾ ಎಲ್ಲೂ ಹೋಗೂದಿಲ್ಲ, ಇಲ್ಲೇ ನಿಂತೇನಿ."

ನಿಮ್ಮ ಬಾಯಾಗ ಮಣ್ಣ ಬೀಳಲಿ ಎಂದು ಶುರು ಮಾಡಿದಳು, ಅಷ್ಟಕ್ಕೇ ದನಿ ಒಡೆಯಿತು. ಕಂಡಕ್ಟರು ಬಂದು ಬಸ್ಸು ಬಿಡುವ ಹೊತ್ತಾಯಿತು ಎಂದು ಕೂಗಿದ. ಯಮನಪ್ಪ ಅವನನ್ನು ರಟ್ಟೆ ಹಿಡಿದು ಆಚೆ ಕರೆದುಕೊಂಡು ಹೋದ. ಆಮೇಲೆ ಅವಳಿಗೆ ಬೈಗುಳ ಬಂತು, ಬಂದದ್ದು ನಿಲ್ಲಲಿಲ್ಲ. ಅಳುತ್ತ ಬೈದಳು, ಬಿಕ್ಕುತ್ತ ಬೈದಳು, ತಾಯಿಯ ದನಿಯಲ್ಲೇ ಬೈದಳು. ಮನೆಯಲ್ಲಿ ಬೈಸಿಕೊಳ್ಳುವಾಗ ನಡುವೆ ಬಾಯಿ ಹಾಕುವ ನಾನು ಹ್ಞೂಂ ಎನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ಅದರಲ್ಲಿ ನನಗೆಂದು ಇದ್ದದ್ದು ಸ್ವಲ್ಪವೇ ಎಂದು ಗೊತ್ತಾಗುತ್ತಿತ್ತು. ಕೆಲವು ಹಾವಿಗೆ ಇದ್ದವು, ಕೆಲವು ಡಾಕ್ಟರಿಗೆ, ಕೆಲವು ಹಿಂದಿನ ಸೀಟಿನಲ್ಲಿ ಕುಳಿತು ಬಂದ ಅಪ್ಪನಿಗೆ, ಬಹಳಷ್ಟು ಏನೂ ಹೇಳದೆ ಮಲಗಿದ್ದ ಅವ್ವನಿಗೆ. ಯಾವುದು ಯಾರದೆಂದು ಆರಿಸಲು ಹೋಗಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ತಪಾಸಣೆ ಮಾಡದೆ ಇಳಿಸಿಕೊಂಡದ್ದು ಆ ಗಂಟೊಂದೇ.